ಅತ್ತು ಬರೆದ ಅರ್ಜಿ

ಅರ್ಜಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಬೆಟಗೇರಿಯ ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಅಲ್ಲಿಂದಲೇ ಶುರುಮಾಡಬೇಕು.

ನಾನು ಅಂಗನವಾಡಿ ಕಾರ್ಯಕರ್ತೆ. ಇಪ್ಪತ್ತು ವರ್ಷ ದಾಟಿತು. ನಾಲ್ಕು ಗಂಟೆಗೆ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಹೊಸ್ತಿಲ ಹತ್ತಿರ ಕೂರುತ್ತಿದ್ದರು. ಒಬ್ಬಳಿಗೆ ವಿಧವಾ ವೇತನ, ಒಬ್ಬಳಿಗೆ ರೇಷನ್ ಕಾರ್ಡು, ಇನ್ನೊಬ್ಬಳಿಗೆ ಮನೆ. "ಅಕ್ಕಾರ, ನಿಮ್ಮ ಕೈಯಾಗಿಂದ ಬರದ್ರ ಕೆಲಸ ಆಗ್ತೈತ್ರಿ" ಎನ್ನುವರು. ಆಗುತ್ತಲೂ ಇತ್ತು.

ಈ ವಿದ್ಯೆ ಕಲಿಸಿದವನು ಯಳವತ್ತಿಯ ನನ್ನ ಸೋದರಮಾವ. ಅವನು ಚಾವಡಿ ಕಟ್ಟೆಯ ಮೇಲೆ ಕುಳಿತು ಊರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದ. "ಅರ್ಜಿ ಅಂದ್ರ ಅತ್ತು ಬರೀಬೇಕವ್ವಾ. ಇದ್ದದ್ದು ಇದ್ದಂಗ ಬರದ್ರ ಯಾರು ಓದ್ತಾರ? ಅಳೋ ಕೂಸಿಗೇ ಹಾಲು" ಎನ್ನುತ್ತಿದ್ದ. ಮೂಲೆ ಸೋರುವ ಮನೆಯನ್ನು ಬಿದ್ದುಹೋದ ಮನೆ ಎಂದು ಬರೆಯಬೇಕು. ಮೊಣಕಾಲು ನೋವಿದ್ದರೆ ಎದ್ದು ನಿಲ್ಲಲಾರಳು ಎನ್ನಬೇಕು. ಒಮ್ಮೆ ಒಬ್ಬ ಮಗ ತನ್ನ ತಾಯಿಯ ಕೈಹಿಡಿದು ಕರೆತಂದು, ಬಿಸಿಲು ತಾಗಬಾರದೆಂದು ನೆರಳು ನೋಡಿ ಕೂರಿಸಿ, "ಮಕ್ಕಳು ಕೈಬಿಟ್ಟ ಮುದುಕಿ, ದಿಕ್ಕಿಲ್ಲ ಅಂತ ಬರೀರಿ ಅಕ್ಕಾರ" ಎಂದ. ಬರೆದೆ. ಮುದುಕಿ ಬಾಯಿಗೆ ಸೆರಗು ಹಿಡಿದು ನಕ್ಕಳು, ಮಗನೂ ನಕ್ಕ, ಮಂಜೂರಾಯಿತು. ಕಚೇರಿಯ ಗುಮಾಸ್ತರೂ ಅದನ್ನು ಅರ್ಧಕ್ಕಿಳಿಸಿಯೇ ಓದುತ್ತಿದ್ದರು. ಬರೆಯುವವರಿಗೂ ಗೊತ್ತು, ಓದುವವರಿಗೂ ಗೊತ್ತು. ಅದನ್ನು ಸುಳ್ಳು ಎಂದು ನಮ್ಮಲ್ಲಿ ಯಾರೂ ತಿಳಿದಿರಲಿಲ್ಲ.

ಯಾರ ಅರ್ಜಿಯಿಂದ ಇದನ್ನೆಲ್ಲ ಹೇಳಬೇಕಾಯಿತೋ ಆಕೆ ನಮ್ಮ ಓಣಿಗೆ ಬಂದದ್ದು ಸೊಂಟದ ಮೇಲೆ ವರ್ಷದ ಹೆಣ್ಣುಕೂಸು ಹೊತ್ತುಕೊಂಡು. ಮುಂಡರಗಿ ಕಡೆಯವಳು. ಗಂಡ ಗೋವೆಗೆ ದುಡಿಯಲು ಹೋದವನು ಹೋದವನೇ. ಮೊದಮೊದಲು ಫೋನ್ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಗದಗಿನ ಒಂದು ಮೆಣಸಿನಕಾಯಿ ಗೋದಾಮಿನಲ್ಲಿ ತೊಟ್ಟು ಬಿಡಿಸುವ ಕೆಲಸ ಹಿಡಿದಳು. ಸಂಜೆ ಆಕೆ ಓಣಿಗೆ ಕಾಲಿಟ್ಟರೆ ಕಟ್ಟೆಯ ಮೇಲೆ ಕುಳಿತವರಿಗೆಲ್ಲ ಸೀನು. "ಬ್ಯಾಡಗಿ ಬಂತು ನೋಡ್ರಿ, ಮೂಗು ಮುಚ್ಚಿಕೊಳ್ರಿ" ಎಂದು ಹೆಂಗಸರು ಕಾಡಿಸುತ್ತಿದ್ದರು. ಆಕೆಯೂ ಬಿಡುತ್ತಿರಲಿಲ್ಲ, "ಬರ್ರಿ, ಕಣ್ಣಿಗೆ ಕೈ ಹಚ್ಚತೀನಿ" ಎಂದು ಬೆನ್ನಟ್ಟುತ್ತಿದ್ದಳು. ನಗುವ ಹೆಂಗಸಾಗಿದ್ದಳು. ಇದನ್ನು ಯಾವ ಕಾಗದದಲ್ಲೂ ನಾನು ಬರೆಯಲಿಲ್ಲ.

ಕೂಸಿಗೆ ನಾಲ್ಕು ತುಂಬಿದಾಗ, ಅಲ್ಲಿತನಕ ಅದನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಮುದುಕಿ ತೀರಿಕೊಂಡಳು, ತೊಂದರೆ ಶುರುವಾಯಿತು. ನಾಲ್ಕು ಗಂಟೆಯವರೆಗೆ ನನ್ನ ಹತ್ತಿರ ಇರುತ್ತಿತ್ತು. ಆಮೇಲೆ ತಾಯಿ ಬರುವತನಕ ಮೂರು ತಾಸು? ಗೋದಾಮಿಗೆ ಒಯ್ದರೆ ಮೆಣಸಿನ ಘಾಟಿಗೆ ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಳ್ಳುತ್ತಿತ್ತು. ಮನೆಯ ಬಾಗಿಲು ತೆರೆದರೆ ಸೀದಾ ರಸ್ತೆ, ಲಾರಿಗಳು. ಅದಕ್ಕೆ ಆಕೆ ಮಧ್ಯಾಹ್ನದ ಬಿಡುವನ್ನು ನಾಲ್ಕಕ್ಕೆ ತಳ್ಳಿಸಿಕೊಂಡು, ಓಡಿಬಂದು, ಮಗಳಿಗೆ ಚಪಾತಿ ಮುರಿದು ಹಾಲಲ್ಲಿ ನೆನೆಸಿಟ್ಟು, ಹಳೆಯ ಸೀರೆಯಿಂದ ಹರಿದ ಉದ್ದನೆಯ ಅಂಚನ್ನು ಅದರ ಎಡಗಾಲಿಗೆ ಸುತ್ತಿ, ಇನ್ನೊಂದು ತುದಿಯನ್ನು ನಡುಮನೆಯ ಕಂಬಕ್ಕೆ ಕಟ್ಟಿ ಹೋಗುತ್ತಿದ್ದಳು. ಕೂಸು ಮನೆಯಲ್ಲೆಲ್ಲ ಓಡಾಡಬಹುದಿತ್ತು, ಬಾಗಿಲಿಗೆ ಮಾತ್ರ ಮುಟ್ಟುತ್ತಿರಲಿಲ್ಲ.

ಒಂದು ದಿನ ನಾನೇ ಕೂಸನ್ನು ಮನೆಗೆ ಮುಟ್ಟಿಸಲು ಹೋಗಿದ್ದಾಗ ಕಣ್ಣಾರೆ ಕಂಡೆ. ಅದು ತಾನಾಗಿ ಕುಂಡೆಯೂರಿ ಕುಳಿತು ಎಡಗಾಲು ಮುಂದೆ ಚಾಚಿತು. ತಾಯಿ ಎರಡು ಸುತ್ತು ಸುತ್ತಿ, ಬಿಗಿಯಾಯಿತೇ ಎಂದು ಸಂದಿಗೆ ಬೆರಳು ಹಾಕಿ ನೋಡಿದಳು.

"ಈ ಗಂಟು ಯಾರು ಕಟ್ಟಿದ್ದು?"

"ಅವ್ವ."

"ಬಿಚ್ಚೋರ್ಯಾರು?"

"ಅವ್ವ!"

"ಮತ್ತ? ಕಟ್ಟಿದಾಕಿ ಬಿಚ್ಚಾಕ ಬರಲೇಬೇಕಲ್ಲ" ಎಂದು ಕೆನ್ನೆ ಹಿಂಡಿ ಓಡಿದಳು.

ನನಗೆ ಅದು ವಿಚಿತ್ರವೆನಿಸಲಿಲ್ಲ. ನನ್ನವ್ವ ಯಳವತ್ತಿಯಲ್ಲಿ ಕಳೆ ತೆಗೆಯಲು ಹೋಗುವಾಗ ನನ್ನನ್ನೂ ಹೀಗೇ ಕಟ್ಟಿ ಹೋಗುತ್ತಿದ್ದಳು, ನಮ್ಮ ಹಿತ್ತಲಲ್ಲಿ ಬಾವಿಯಿತ್ತು. ನಮ್ಮ ಕಡೆ ಕೇಳಿನೋಡಿ, ಹೊಲಕ್ಕೆ ಹೋದ ಯಾವ ತಾಯಿಯೂ ಇದನ್ನು ಮಾಡದೆ ಇಲ್ಲ. ಆ ಮೂರು ತಾಸು ನೀನೇ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಕೆಲವು ದಿನ ಇಟ್ಟುಕೊಂಡೆ. ಉಳಿದ ದಿನ ಮೀಟಿಂಗು, ಸರ್ವೆ, ಮೊಬೈಲಿನಲ್ಲಿ ತುಂಬುವ ಲೆಕ್ಕವಿಲ್ಲದ ಹಾಳುಮೂಳು. ಖರೆ ಹೇಳಬೇಕೆಂದರೆ ಕೂಸನ್ನು ಇಟ್ಟುಕೊಳ್ಳುವುದಕ್ಕಿಂತ ಅರ್ಜಿ ಬರೆಯುವುದು ನನಗೆ ಸುಲಭವಾಗಿತ್ತು.

ಅದೇ ದಿನಗಳಲ್ಲಿ ಪೋಲಿಯೊ ಹನಿ ಹಾಕಲು ಮನೆಮನೆ ಸುತ್ತುತ್ತಿದ್ದೆ. ಓಣಿಯ ಬಾಯಲ್ಲಿ ಒಬ್ಬ ಬಟ್ಟೆ ಸಾವಕಾರರ ಮನೆಯಿದೆ, ಮೂರು ಅಂತಸ್ತಿನದು. ನಮ್ಮ ಅಂಗನವಾಡಿಗೆ ಸ್ಟೀಲಿನ ತಾಟು ಕೊಡಿಸಿದವರು. ನನ್ನ ಗಂಡನ ಮಗ್ಗ ಇರುವುದೂ ಅವರ ಜಾಗದಲ್ಲೇ. ಅವರ ಮೊಮ್ಮಗಳಿಗೂ ನಾಲ್ಕೇ ವರ್ಷ. ಮೇಲೆ ಹೋದರೆ, ಆ ಹುಡುಗಿಯ ಕಾಲು ಮಂಚದ ಕಾಲಿಗೆ ವೇಲಿನಿಂದ ಕಟ್ಟಿತ್ತು. ಒಳ್ಳೆಯ ನುಣುಪಾದ ವೇಲು. ಹುಡುಗಿ ಹಲ್ಲಿನಿಂದ ಗಂಟು ಕಚ್ಚುತ್ತಿತ್ತು. ಕಣಕಾಲು ಉಜ್ಜಿ ಕೆಂಪಾಗಿತ್ತು.

"ಭಾಳ ಕಿಡಿಗೇಡಿ ಐತ್ರಿ. ಮೆಟ್ಟಲ ಇಳಿದು ಓಡತೈತಿ. ನಮಗ ಅಂಗಡಿ, ಪೂಜಿ, ಮಂದಿ ಬರೋದು ಹೋಗೋದು" ಎಂದರು ಅಜ್ಜಿ.

"ಹೌದ್ರಿ, ಹುಡುಗ್ರು ಅಂದ್ರ ಹಂಗ" ಎಂದೆ. ಹನಿ ಹಾಕಿದೆ. ಕೆಳಗೆ ಬಂದು ಅವರು ಕೊಟ್ಟ ಚಹಾ ಕುಡಿದೆ, ಏಲಕ್ಕಿ ಹಾಕಿದ್ದರು. ಬಡವರ ಮನೆ ಊಟ ಚಂದ, ದೊಡ್ಡವರ ಮನೆ ನೋಟ ಚಂದ ಎನ್ನುತ್ತಾರಲ್ಲ, ನೋಡಿ ಬಂದೆ.

ಆಮೇಲೆ ಮೀಟಿಂಗಿನಲ್ಲಿ ಹೇಳಿದರು: ತಂದೆ ಬಿಟ್ಟುಹೋದ ಮಕ್ಕಳಿಗೆ ಸರ್ಕಾರದಿಂದ ತಿಂಗಳ ನೆರವು ಸಿಗುತ್ತದೆ, ಅಂಥವರಿದ್ದರೆ ಮಕ್ಕಳ ರಕ್ಷಣಾ ಕಚೇರಿಗೆ ಅರ್ಜಿ ಕಳಿಸಿ. ನನಗೆ ತಕ್ಷಣ ಆಕೆಯೇ ನೆನಪಾದಳು. ನೆರವು ಬಂದರೆ ಗೋದಾಮನ್ನು ಅರ್ಧ ದಿನಕ್ಕೆ ಇಳಿಸಬಹುದು, ಕಟ್ಟುವುದೇ ಬೇಕಾಗಿಲ್ಲ. ಅಂದೇ ಕರೆಸಿದೆ. ಬರೆಯಲು ಕುಳಿತರೆ ನನ್ನ ಕೈ ಕೇಳಬೇಕಲ್ಲ. "ತಂದೆಯ ಪತ್ತೆಯಿಲ್ಲ. ತಾಯಿಗೆ ಮಗುವನ್ನು ಸಾಕುವ ಶಕ್ತಿಯಿಲ್ಲ. ಮಗುವಿಗೆ ದಿನಕ್ಕೊಂದು ಹೊತ್ತು ಊಟವೂ ಸಿಗುತ್ತಿಲ್ಲ. ದಿನವಿಡೀ ಹಗ್ಗದಿಂದ ಕಂಬಕ್ಕೆ ಕಟ್ಟಿಹಾಕಿ ಹೋಗುತ್ತಾಳೆ. ಮಗು ಹಸಿವಿನಿಂದ ಚೀರುವುದು ನೆರೆಹೊರೆಯವರಿಗೆ ಕೇಳುತ್ತದೆ." ಒಂದೊಂದು ಸಾಲು ಬರೆದಾಗಲೂ ಸೋದರಮಾವ ಪಕ್ಕದಲ್ಲಿ ಕುಳಿತು ತಲೆಯಾಡಿಸಿದಂತೆ ಅನಿಸಿತು. ಓದಿ ಹೇಳಿದೆ.

ಆಕೆಗೆ ನಗು ಬಂತು. "ಅಯ್ಯ ಅಕ್ಕಾರ, ಮೂರೂ ಹೊತ್ತು ಉಣ್ಣತೈತಲ್ರಿ! ಹಗ್ಗ ಎಲ್ಲೈತ್ರಿ, ಸೀರಿ ಅಂಚು ಅದು."

"ಸುಮ್ಮನಿರಬೇ. ಹಂಗ ಬರದ್ರ ಜಲ್ದಿ ಆಗ್ತೈತಿ. ಸಹಿ ಮಾಡು."

ಸಹಿ ಮಾಡಲು ಕಲಿಸಿದವಳೂ ನಾನೇ. ನಾಲಿಗೆ ತುಟಿಗೆ ಒತ್ತಿಕೊಂಡು, ಅಕ್ಷರ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು. ಬರೆದು, ಚಂದ ಬಂತೇ ಎಂದು ನನ್ನ ಮುಖ ನೋಡಿದಳು.

ಐದನೆಯ ದಿನ ಸಂಜೆ ಐದು ಗಂಟೆಗೆ ಓಣಿಯಲ್ಲಿ ಜೀಪು ನಿಂತಿತು. ಇಬ್ಬರು ಹೆಂಗಸರು, ಒಬ್ಬ ಪೊಲೀಸ್. ನೆರವಿನ ವಿಚಾರಣೆಗೆ ಬಂದರೆಂದು ನಾನೇ ಮುಂದೆ ಹೋಗಿ ಮನೆ ತೋರಿಸಿದೆ! ಅವರು ಬಾಗಿಲು ತೆಗೆದಾಗ ಕೂಸು ಕಂಬದ ಹತ್ತಿರ ಕುಳಿತು ಖಾಲಿ ಬೆಂಕಿಪೊಟ್ಟಣಗಳನ್ನು ಸಾಲಾಗಿ ಇಡುತ್ತಿತ್ತು. ಫೋಟೊ ತೆಗೆದರು. ಅಂಚನ್ನು ಬಿಚ್ಚಲು ಹೋದರೆ ಕೂಸು ಒಂದೇ ಸಮನೆ ಕಿರುಚಿತು, "ನೀ ಬಿಚ್ಚಬ್ಯಾಡ, ಅವ್ವ ಬಿಚ್ಚತಾಳ." ಅವರು ಕತ್ತರಿಸಿದರು. ಗೋದಾಮಿನಿಂದ ಆಕೆ ಓಡಿಬಂದಾಗ ಜೀಪು ರೈಲ್ವೆ ಗೇಟು ದಾಟಿಯಾಗಿತ್ತು. ಮೆಣಸಿನ ಕೈಯಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಕಣ್ಣು ತೆರೆಯಲಾಗದೆ ಹೊಸ್ತಿಲ ಮೇಲೆ ಕುಸಿದಳು. ನಾನು ನೀರು ತಂದು ಮುಖಕ್ಕೆ ಹಾಕಿದೆ.

ಮಕ್ಕಳ ವಿಷಯ ನೋಡುವ ಸಮಿತಿಯ ಮುಂದೆ ನಮ್ಮಿಬ್ಬರನ್ನೂ ಕರೆದರು. ಅಲ್ಲಿದ್ದವರು ಕೆಟ್ಟವರಲ್ಲ. ಆಕೆಗೆ ಕುರ್ಚಿ ಕೊಟ್ಟರು, ನೀರು ಕೊಟ್ಟರು. ಅರ್ಜಿ ಓದಿದರು. ಗುಮಾಸ್ತರಂತೆ ಅರ್ಧಕ್ಕಿಳಿಸಿ ಅಲ್ಲ, ಬರೆದದ್ದನ್ನು ಬರೆದಂತೆಯೇ ಓದಿದರು. ಇಪ್ಪತ್ತು ವರ್ಷದಲ್ಲಿ ನನ್ನ ಅರ್ಜಿಯನ್ನು ಪೂರ್ತಿ ನಂಬಿದ ಮೊದಲ ಮಂದಿ ಅವರು.

"ಈ ಸಹಿ ನಿಮ್ಮದೇ ಏನಮ್ಮಾ?"

"ಹೌದ್ರಿ."

"ದಿನಕ್ಕೊಂದು ಹೊತ್ತೂ ಊಟ ಇಲ್ಲ ಅಂತ ನೀವೇ ಬರೆಸಿದ್ದೀರಿ."

ಆಕೆ ನನ್ನ ಕಡೆ ತಿರುಗಿದಳು. ನಾನು ಎದ್ದುನಿಂತೆ. "ಸಾಹೇಬ್ರ, ಅದು ಅರ್ಜಿ ಅಂತ ಸ್ವಲ್ಪ ಜಾಸ್ತಿ ಮಾಡಿ ಬರದೀನ್ರಿ. ನಮ್ಮ ಕಡೆ ಹಂಗ ಬರೀತಾರ್ರಿ."

"ಅಂದರೆ ನೀವು ಸರ್ಕಾರಿ ಕೆಲಸದಲ್ಲಿದ್ದು ಸುಳ್ಳು ಮಾಹಿತಿ ಕೊಟ್ಟಿದ್ದೀರಾ? ಆಗ ಹೇಳಿದ್ದು ಸುಳ್ಳೋ, ಈಗ ಹೇಳುತ್ತಿರುವುದು ಸುಳ್ಳೋ? ಯೋಚಿಸಿ ಹೇಳಿ, ಬರೆದುಕೊಳ್ಳುತ್ತೇನೆ."

ನನ್ನ ನೌಕರಿ ಕಣ್ಮುಂದೆ ಬಂತು. "ಕಟ್ಟತಿದ್ದದ್ದು ಖರೇ ಐತ್ರಿ" ಎಂದಷ್ಟೇ ಹೇಳಿ ಕುಳಿತೆ. ನನ್ನ ಬಾಯಿಗೆ ಮಣ್ಣು ಬೀಳಲಿ. ಆಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು.

ಕೂಸನ್ನು ಗದಗಿನಲ್ಲೇ ಒಂದು ಪಾಲನಾ ಕೇಂದ್ರದಲ್ಲಿ ಇಟ್ಟರು. ಮರಳಿ ಬೇಕೆಂದರೆ ತಾಯಿ ದುಡಿಮೆ ತೋರಿಸಬೇಕು, ಮನೆಯಲ್ಲಿ ನೋಡಿಕೊಳ್ಳುವ ಜನ ತೋರಿಸಬೇಕು. "ಕೆಲಸಕ್ಕ ಹೋದ್ರ ಮನ್ಯಾಗ ಯಾರಿಲ್ಲ ಅಂತಾರ, ಮನ್ಯಾಗ ಕುಂತ್ರ ಏನ್ ತಿನ್ನಸ್ತಿ ಅಂತಾರ. ನಾ ಯಾವ ಕಡೆ ನಿಂದ್ರಲಿ ಅಕ್ಕಾರ?" ಎಂದು ಕೇಳಿದಳು. ಹೊಣೆ ಹೊರುವ ಒಬ್ಬ ನೆಂಟರ ಸಹಿಯಾದರೂ ಸಿಗಲಿ ಎಂದು ಇಬ್ಬರೂ ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೆ ಆಕೆಯ ಅಕ್ಕನ ಮನೆಗೆ ಹೋದೆವು. ಅಕ್ಕ ರೊಟ್ಟಿ ಬಡಿದು ಉಣ್ಣಲಿಕ್ಕಿದಳು, ತಂಗಿಯನ್ನು ತಬ್ಬಿ ಅತ್ತಳು, ಕಾಗದ ಮಾತ್ರ ಮುಟ್ಟಲಿಲ್ಲ. "ನಮಗೂ ಮೂರು ಹುಡುಗ್ರು ಅದಾವವಾ. ನಮ್ಮ ಹೆಸರು ಅವರ ಪುಸ್ತಕದಾಗ ಬಿತ್ತಂದ್ರ ನಾಳೆ ಇಲ್ಲಿಗೂ ಜೀಪು ಬರ್ತೈತಿ" ಎಂದ ಅವಳ ಗಂಡ. ಅವನದು ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ. ಬರುವಾಗ ಶಿರಹಟ್ಟಿಯಲ್ಲಿ ಇಳಿದು ಗಂಡನ ಅಕ್ಕನನ್ನೂ ಕೇಳಿದೆವು. ಆಕೆ ಬಾಗಿಲನ್ನೇ ಪೂರ್ತಿ ತೆಗೆಯಲಿಲ್ಲ.

ಆ ವಾರ ನನ್ನ ತಲೆ ಕೆಟ್ಟಿತ್ತು. ನಮ್ಮ ಮೇಲ್ವಿಚಾರಕಿ ಬಂದಾಗ ಸಿಟ್ಟಿನಿಂದ ಅಂದುಬಿಟ್ಟೆ. "ಕಟ್ಟೋದು ತಪ್ಪಂದ್ರ ಎಲ್ಲಾರಿಗೂ ತಪ್ಪಲ್ರಿ ಮೇಡಮ್ಮಾರ. ಸಾವಕಾರ್ರ ಮನ್ಯಾಗೂ ಹುಡುಗೀನ ಕಟ್ಟತಾರ, ನಾ ಕಂಡೀನಿ. ಕಾಲು ಉಜ್ಜಿ ಗಾಯ ಆಗಿತ್ತು. ಅಲ್ಲಿಗ್ಯಾಕ ಜೀಪು ಹೋಗಂಗಿಲ್ಲ?"

ಮೇಲ್ವಿಚಾರಕಿ ರಿಜಿಸ್ಟರಿನಿಂದ ತಲೆ ಎತ್ತದೆ ಕೇಳಿದಳು, "ಅವರು ಅರ್ಜಿ ಕೊಟ್ಟಾರೇನು?"

ಆ ಮಾತು ಇವತ್ತಿಗೂ ಎದೆಯಲ್ಲಿ ಕುಳಿತಿದೆ. ಬೇಡುವವರು ತಮ್ಮ ಮನೆಯ ಒಲೆ, ಪಾತ್ರೆ, ಹರಿದ ಹಾಸಿಗೆ ಎಲ್ಲವನ್ನೂ ಕಾಗದದಲ್ಲಿ ತೆರೆದಿಡಬೇಕು. ರೇಷನ್ನಿಗೊಮ್ಮೆ, ಔಷಧಕ್ಕೊಮ್ಮೆ, ಪೌಷ್ಟಿಕ ಹಿಟ್ಟಿಗೊಮ್ಮೆ ನನ್ನಂಥವಳು ಹೋಗಿ ಬಗ್ಗಿ ನೋಡಿ ಬರೆದುಕೊಂಡು ಬರುತ್ತಾಳೆ. ಬೇಡದವರ ಮನೆಗೆ ನಾವು ಚಪ್ಪಲಿ ಹೊರಗೆ ಬಿಟ್ಟು ಹೋಗುತ್ತೇವೆ, ಚಹಾ ಕುಡಿದು ಬರುತ್ತೇವೆ. ಅಲ್ಲಿ ಕಂಡದ್ದಕ್ಕೆ ನಮ್ಮ ರಿಜಿಸ್ಟರಿನಲ್ಲಿ ಕಾಲಮ್ಮೇ ಇಲ್ಲ. ಹಾಗಾದರೆ ನೀನೇ ಬರೆಯಬಹುದಿತ್ತಲ್ಲ? ಹೌದು, ಹಾಳೆ ತೆಗೆದಿದ್ದೆ. ಗಂಡ ಊಟ ಬಿಟ್ಟು ಎದ್ದುಬಂದ. "ಮಗ್ಗ ಎಲ್ಲೈತಿ ಗೊತ್ತಲ್ಲ ನಿನಗ?" ಎಂದ. ಹಾಳೆಯನ್ನು ಮಡಚಿ ಡಬ್ಬಿಯ ಕೆಳಗೆ ಇಟ್ಟೆ. ಬಡವನ ಸಿಟ್ಟು ದವಡೆಗೆ ಮೂಲ. ಆ ಹುಡುಗಿಯ ಕಾಲಿನ ಗಾಯ ಏನಾಯಿತೆಂದು ನಾನು ಮತ್ತೆ ಕೇಳಲೂ ಇಲ್ಲ.

ಕೊನೆಗೆ ಸಮಿತಿಯಲ್ಲಿದ್ದ ಹಿರಿಯರೊಬ್ಬರು ಕರುಣೆ ತೋರಿಸಿದರು. ತಾಯಿ ಮಗು ಒಮ್ಮೆ ಭೇಟಿಯಾಗಲಿ, ಕೇಂದ್ರದವರು ನೋಡಿ ವರದಿ ಬರೆಯಲಿ, ಮಗು ತಾಯಿಯ ಜೊತೆ ಹೆದರದೆ ಇದ್ದರೆ ಕಳಿಸುವ ವಿಚಾರ ಮಾಡೋಣ ಎಂದರು. ಎಲ್ಲವೂ ಆ ಒಂದು ಭೇಟಿಯ ಮೇಲೆ ನಿಂತಿತು. ಆಕೆ ಹಿಂದಿನ ದಿನ ಗೋದಾಮಿಗೆ ಹೋಗಲಿಲ್ಲ. ಕೈಗೆ ಎಣ್ಣೆ ಹಚ್ಚಿ, ಹಿಟ್ಟಿನಿಂದ ಉಜ್ಜಿ, ಮೊಸರಿನಿಂದ ತೊಳೆದು, ಮೂಸಿ ನೋಡಿ, ನನ್ನ ಮೂಗಿಗೂ ಹಿಡಿದಳು. "ಘಾಟು ಹೋಗೇತೇನ್ರಿ ಅಕ್ಕಾರ? ಮುಟ್ಟಿದ್ರ ಕೂಸಿನ ಕಣ್ಣು ಉರಿಬಾರ್ದು." ಶೇಂಗಾದುಂಡಿ ಕಟ್ಟಿಕೊಂಡಳು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವೆಂದು ಬಾಗಿಲಲ್ಲೇ ಇಡಿಸಿದರು.

ಮೂರು ತಿಂಗಳಾಗಿತ್ತು. ಕೂಸಿನ ತಲೆಗೂದಲು ಕತ್ತರಿಸಿದ್ದರು. ಕೈಮುಗಿದು "ನಮಸ್ತೆ" ಎಂದಿತು. ತಾಯಿ ಬೆಪ್ಪಾಗಿ ತಾನೂ ಕೈಮುಗಿದಳು. ಆಮೇಲೆ ಮೆಲ್ಲಗೆ ಹತ್ತಿರ ಬಂದು ತೊಡೆಯೇರಿತು. ತಾಯಿಯ ಅಂಗೈ ತೆಗೆದುಕೊಂಡು ಮೂಸಿ, ಏನೋ ಕಳೆದುಹೋದಂತೆ ಇನ್ನೊಮ್ಮೆ ಮೂಸಿತು. ಒಂದು ತಾಸು ಚಲೋ ಹೋಯಿತು. ನಗಿಸಿದಳು, ಉಗುರು ನೋಡಿದಳು, ಹಲ್ಲು ಎಣಿಸಿದಳು. ಮೂಲೆಯ ಮೇಜಿನ ಹಿಂದೆ ಕುಳಿತಿದ್ದ ಕೇಂದ್ರದ ಹುಡುಗಿ ಆಗಾಗ ತಲೆಯೆತ್ತಿ ಬರೆದುಕೊಳ್ಳುತ್ತಿದ್ದಳು. ಅವಳ ಮುಖದಲ್ಲಿ ನಗುವಿತ್ತು. ಆತು, ದೇವರು ಕಣ್ಣು ತೆರೆದ ಎಂದುಕೊಂಡೆ.

ವೇಳೆ ಮುಗಿಯಿತು ಎಂದರು. ಆಕೆ ಎದ್ದಳು. "ಬರ್ತೀನವಾ, ನಾಡದ್ದು ಕರ್ಕೊಂಡ್ ಹೋಗಾಕ ಬರ್ತೀನಿ."

ಕೂಸು ನಂಬಲಿಲ್ಲ. ನೆಲದ ಮೇಲೆ ಕುಂಡೆಯೂರಿ ಕುಳಿತು, ಎಡಗಾಲು ಚಾಚಿ, ಆಕೆಯ ಸೆರಗು ಹಿಡಿದು ತನ್ನ ಕಾಲಿಗೆ ತಾನೇ ಸುತ್ತತೊಡಗಿತು. "ಕಟ್ಟವ್ವಾ. ಕಟ್ಟಿ ಹೋಗು. ಕಟ್ಟಲಿಲ್ಲಂದ್ರ ನೀ ಬರಂಗಿಲ್ಲ." ಆಕೆ ಸೆರಗು ಬಿಡಿಸಿಕೊಳ್ಳಲು ನೋಡಿದಷ್ಟೂ ಬಿಗಿಯಾಗಿ ಸುತ್ತಿಕೊಂಡು, "ಕಟ್ಟು, ಕಟ್ಟು" ಎಂದು ಕಿರುಚಿ ನೆಲಕ್ಕೆ ಹಣೆ ಬಡಿಯಿತು. ಇಬ್ಬರು ಆಯಾಗಳು ಓಡಿಬಂದು ಎತ್ತಿಕೊಂಡು ಹೋದರು. ಒಳಗಿನಿಂದಲೂ ಅದೇ ಕೂಗು ಕೇಳುತ್ತಿತ್ತು.

ಮೂಲೆಯ ಹುಡುಗಿಯ ನಗು ಮಾಯವಾಗಿತ್ತು. ಬರೆದು ಮುಗಿಸಿ ಕಾಗದವನ್ನು ನನ್ನ ಮುಂದೆ ತಳ್ಳಿದಳು. "ತಾಯಿಯನ್ನು ಕಂಡ ಮಗು ಕಟ್ಟಿಹಾಕುವ ಭಯದಿಂದ ಕಿರುಚಾಡಿ ಹಣೆಗೆ ಪೆಟ್ಟು ಮಾಡಿಕೊಂಡಿತು."

"ಹಂಗಲ್ಲವಾ ಅದು. ಕಟ್ಟು ಅಂತ ಕೇಳ್ತು ಅದು" ಎಂದೆ.

"ಅದನ್ನೇ ಬರದೀನಲ್ಲ ಮೇಡಂ. ಹಾಜರಿದ್ದವರು ಅಂತ ಕೆಳಗ ನಿಮ್ಮ ಸಹಿ ಬೇಕು."

ತಾಯಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಈ ಹುಡುಗಿಗೆ ಏನೆಂದು ತಿಳಿಸಿ ಹೇಳಲಿ? ನನ್ನವ್ವ ಕಟ್ಟಿದ ಗಂಟಿನ ಮಾತನ್ನು ಹೇಳಲೇ? ಹೇಳಿದರೆ, ಯೋಚಿಸಿ ಹೇಳಿ, ಬರೆದುಕೊಳ್ಳುತ್ತೇನೆ ಎನ್ನುತ್ತಾಳೆ. ಇಪ್ಪತ್ತು ವರ್ಷ ಕಂಡವರ ಕಷ್ಟವನ್ನು ಹಿಗ್ಗಿಸಿ ಬರೆದ ನನಗೆ, ಒಬ್ಬ ತಾಯಿ ಚಲೋ ಇದ್ದಾಳೆ ಎಂದು ಹೇಳಲು ಎರಡು ಮಾತು ಸಿಗಲಿಲ್ಲ.

ಸಹಿ ಹಾಕಿದೆ. ಮುಂದಿನ ತಿಂಗಳು ಕೂಸನ್ನು ಬೇರೆ ಜಿಲ್ಲೆಯ ಕೇಂದ್ರಕ್ಕೆ ಕಳಿಸಿದರು.